“ಒಳ್ಳೆ ಬೇಕರಿ ಯಾವುದು?” ಅಂದರೆ ನಾನು ಗಡಿಯಾರ ನೋಡುತ್ತೇನೆ

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಗಳಿಗೆ ಕಾಲು ಚಾಚೋಣ ಅನ್ನುವಷ್ಟರಲ್ಲಿ ಫೋನು. ಆ ಕಡೆ ಅತ್ತಿಗೆ, ಇಲ್ಲವೇ ಹಳೇ ಆಫೀಸಿನ ಗೆಳೆಯ, ಇಲ್ಲವೇ ದಾವಣಗೆರೆಯಿಂದ ಬಂದಿಳಿದ ಚಿಕ್ಕಪ್ಪನ ಮಗಳು. ಪ್ರಶ್ನೆ ಒಂದೇ. “ಬೆಂಗಳೂರಲ್ಲಿ ಒಳ್ಳೆ ಬೇಕರಿ ಯಾವುದು ಹೇಳು. ಏನಾದ್ರೂ ಸಿಹಿ ತಿಂದು, ಕಾಫಿ ಕುಡಿದು ಬರೋಣ ಅಂತಿದ್ದೀವಿ.”

ಬೇಕರಿ ಸುತ್ತೋದು ನನ್ನ ಹುಚ್ಚು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಕೇಳುತ್ತಾರೆ. ನಾನು ತಿರುಗಿ ಕೇಳುವುದೂ ಯಾವಾಗಲೂ ಒಂದೇ: “ಎಷ್ಟು ಗಂಟೆಗೆ ಹೋಗ್ತೀರಿ?”

ಅತ್ತಿಗೆಗೆ ಇದನ್ನು ಕೇಳಿದರೇ ಸಿಟ್ಟು. “ಹೆಸರು ಕೇಳಿದ್ರೆ ಟೈಮ್ ಕೇಳ್ತೀಯಲ್ಲ, ಹೇಳೋಕೆ ಇಷ್ಟ ಇಲ್ವಾ?” ಇಷ್ಟ ಇದೆ. ಆದರೆ ರಾತ್ರಿ ಏಳೂವರೆಗೆ ಹೋದರೆ ನಾನು ಹೊಗಳೋ ಬೇಕರಿಯೂ ಸಪ್ಪೆ. ಸಂಜೆ ನಾಲ್ಕಕ್ಕೆ ಹೋದರೆ ನಿಮ್ಮ ಬೀದಿ ಕೊನೆಯ, ಬೋರ್ಡು ಮಾಸಿದ ಅಯ್ಯಂಗಾರ್ ಬೇಕರಿಯೂ ಭರ್ಜರಿ. ಹಾಗಿರುವಾಗ ಬರೀ ಹೆಸರು ಹೇಳಿ ಏನು ಮಾಡಲಿ?

ಖಾರಾ ಬನ್ನನ್ನೇ ತಗೊಳ್ಳಿ. ಬಹಳ ಅಯ್ಯಂಗಾರ್ ಬೇಕರಿಗಳಲ್ಲಿ ಅದು ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ ಒಳಗೆ ಹೊರಗೆ ಬರುತ್ತದೆ. ಸ್ಕೂಲು ಬಿಡೋ ಹೊತ್ತು. ಕೌಂಟರ್ ಹತ್ತಿರ ನಿಂತು ಕೇಳಿದರೆ ಹುಡುಗ “ಐದು ನಿಮಿಷ ಸಾರ್, ಬರ್ತಾ ಇದೆ” ಅನ್ನುತ್ತಾನೆ. ಆ ಐದು ನಿಮಿಷ ಹದಿನೈದಾಗುತ್ತದೆ. ನಿಲ್ಲಿ. ಮೊದಲು ವಾಸನೆ ಬರುತ್ತದೆ: ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು. ಕೆಲವು ಕಡೆ ಸಬ್ಬಸಿಗೆ ಸೊಪ್ಪೂ ಇರುತ್ತದೆ, ಅದಿದ್ದರೆ ನನ್ನ ಪಾಲಿಗೆ ಬಂಪರ್. ಆಮೇಲೆ ಹಿಂದಿನ ಬಾಗಿಲಿಂದ ಮಸಿ ಹಿಡಿದ ತಗಡಿನ ಟ್ರೇ, ಅದನ್ನು ಗೋಣಿಚೀಲದ ತುಂಡಲ್ಲಿ ಹಿಡಿದ ಎರಡು ಕೈ. ಬನ್ನುಗಳು ಒಂದಕ್ಕೊಂದು ಅಂಟಿಕೊಂಡೇ ಬೆಂದಿರುತ್ತವೆ. ನೆತ್ತಿ ಕಂದು, ಪಕ್ಕ ಬಿಳಿ. ಕಿತ್ತರೆ ಪಕ್ಕದ ಬಿಳಿ ಭಾಗ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಒಳಗಿಂದ ಹಬೆ. ಮಧ್ಯೆ ಸೀಳಿ ಬೆಣ್ಣೆ ಹಾಕಿಸಿದರೆ, ಕಾಗದದ ತಳ ತೋಯುವುದರೊಳಗೆ ಮುಗಿಸಬೇಕು.

ಅದೇ ಬನ್ನು ರಾತ್ರಿ ಎಂಟಕ್ಕೆ ಗಾಜಿನ ಹಿಂದೆ ಕೂತಿರುತ್ತದೆ. ನೋಡೋಕೆ ಹಾಗೇ ಇದೆ. ಬಾಯಿಗಿಟ್ಟರೆ ಬಿರುಸು. ಅದು ಬರೀ ಒಣಗಿದ್ದಕ್ಕೆ ಆದದ್ದಲ್ಲ. ಬೇಯುವಾಗ ನೀರು ಹೀರಿ ಮೆತ್ತಗಾದ ಮೈದಾದ ಪಿಷ್ಟ, ಆರುತ್ತಾ ಆರುತ್ತಾ ಮತ್ತೆ ಬಿಗಿದುಕೊಳ್ಳುತ್ತದೆ. ಫ್ರಿಜ್ಜಿನ ತಂಪಿಗೆ ಇನ್ನೂ ಬೇಗ. ಹಾಗಾಗಿ ಉಳಿದ ಬ್ರೆಡ್ಡನ್ನು ಫ್ರಿಜ್ಜಿಗೆ ಹಾಕಿ “ಫ್ರೆಶ್ ಆಗಿರುತ್ತೆ” ಅನ್ನೋದು ನಮ್ಮ ಸಮಾಧಾನಕ್ಕೆ ಮಾತ್ರ. ಬೂಷ್ಟು ಬರೋದು ತಡವಾಗುತ್ತದೆ, ಅಷ್ಟೇ.

ಆದರೆ ಎಲ್ಲಕ್ಕೂ ನಾಲ್ಕು ಗಂಟೆಯೇ ಅಂತ ತಿಳಿಯಬೇಡಿ. ಹನಿ ಕೇಕ್ ಇದಕ್ಕೆ ಪೂರ್ತಿ ಉಲ್ಟಾ. ಸ್ಪಂಜ್ ಕೇಕಿಗೆ ಜೇನು ಬೆರೆಸಿದ ಸಕ್ಕರೆ ಪಾಕ ಕುಡಿಸಿ, ಮೇಲೆ ಜಾಮ್ ಸವರಿ, ಒಣ ಕೊಬ್ಬರಿ ಪುಡಿ ಉದುರಿಸೋದು ಅದರ ರೀತಿ. ಪಾಕ ತಳದವರೆಗೆ ಇಳಿಯೋಕೆ ಹೊತ್ತು ಬೇಕು. ಆಗಷ್ಟೇ ಮಾಡಿದ್ದರಲ್ಲಿ ಮೇಲೆ ಒದ್ದೆ, ಕೆಳಗೆ ಒಣ. ಹಿಂದಿನ ದಿನ ಮಾಡಿದ್ದೇ ರುಚಿ. “ಇವತ್ತಿಂದಾ?” ಅಂತ ಕೇಳಿ “ನೆನ್ನೆದು” ಅಂದರೆ ಖುಷಿಯಿಂದ ತಗೊಳ್ಳೋ ಒಂದೇ ಬೇಕರಿ ಐಟಂ ಇದು. ರಸ್ಕಿಗೆ, ಬೆಣ್ಣೆ ಬಿಸ್ಕತ್ತಿಗೆ ಹೊತ್ತು ಗೊತ್ತಿಲ್ಲ, ಯಾವಾಗಲಾದರೂ ಸರಿ. ದಿಲ್‌ಪಸಂದ್ ಬೆಳಿಗ್ಗೆಗಿಂತ ಸಂಜೆ ಮೇಲು ಅಂತ ನನ್ನ ಅಭಿಪ್ರಾಯ. ಒಳಗಿನ ಕೊಬ್ಬರಿ, ಟೂಟಿ ಫ್ರೂಟಿ ಸ್ವಲ್ಪ ಆರಿ ಹದಕ್ಕೆ ಬಂದಿರುತ್ತದೆ. (ಆ ಕೆಂಪು ಹಸಿರು ಟೂಟಿ ಫ್ರೂಟಿ ಯಾವ ಹಣ್ಣು ಅಂತ ಚಿಕ್ಕಂದಿನಲ್ಲಿ ತಲೆ ಕೆಡಿಸಿಕೊಂಡಿದ್ದೆ. ಪಾಕಕ್ಕೆ ಹಾಕಿದ ಪರಂಗಿಕಾಯಿ ಅಂತ ಗೊತ್ತಾದ ದಿನ ಬೇಜಾರಾಯಿತು.)

ಹೆಸರು ಬೇಕೇ ಬೇಕು ಅನ್ನೋರಿಗೆ ವಿವಿ ಪುರಂ ಅನ್ನುತ್ತೇನೆ. ಅಲ್ಲಿ 1953ರಿಂದ ವಿ.ಬಿ. ಬೇಕರಿ ಇದೆ. ಅಯ್ಯಂಗಾರ್ ಬೇಕರಿಗಳ ವಂಶ ಇನ್ನೂ ಹಿಂದಿನದು. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಅನ್ನುವವರು ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ಬ್ರೆಡ್ ಮಾಡೋದನ್ನು ಒಬ್ಬ ಇಂಗ್ಲಿಷ್ ದೊರೆಯಿಂದ ಕಲಿತರು ಅಂತ ಹೇಳುತ್ತಾರೆ. ಆಮೇಲೆ ಬಂದ ಬೇಕರಿಯವರಲ್ಲಿ ಎಷ್ಟೋ ಜನ ಹಾಸನ ಕಡೆ ಹಳ್ಳಿಗಳವರು. ಒಬ್ಬರು ಬಂದು ನಿಂತರು, ಅಣ್ಣನ ಮಗನನ್ನು ಕರೆಸಿಕೊಂಡರು, ಅವನು ಇನ್ನೊಬ್ಬನನ್ನು. ಮೊಟ್ಟೆ ಇಲ್ಲ ಅನ್ನೋ ಭರವಸೆ ಇದ್ದದ್ದಕ್ಕೇ ನಮ್ಮಜ್ಜಿಯಂಥವರ ಅಡುಗೆಮನೆಗೆ ಬ್ರೆಡ್ಡು ಕಾಲಿಟ್ಟಿತು. ಅದಕ್ಕೂ ಮುಂಚೆ ಅದು ಜ್ವರ ಬಂದವರ ಆಹಾರ.

ವಿ.ಬಿ. ಬೇಕರಿಗೆ ಹೋದರೆ ಕಾಂಗ್ರೆಸ್ ಕಡಲೆಕಾಯಿ, ಅಂದರೆ ಹುರಿದು ಖಾರ ಹಚ್ಚಿದ ಕಡಲೆಬೀಜ, ಕಟ್ಟಿಸಿಕೊಳ್ಳಿ. 1969ರಲ್ಲಿ ಕಾಂಗ್ರೆಸ್ ಪಕ್ಷ ಎರಡು ಹೋಳಾಯಿತಲ್ಲ, ಈ ಬೀಜವೂ ಎರಡು ಹೋಳು, ಅದಕ್ಕೇ ಆ ಹೆಸರು ಅಂತ ಕತೆ. ಪಕ್ಷಗಳು ಆಮೇಲೆ ಎಷ್ಟು ಹೋಳಾದವೋ, ಕಡಲೆಕಾಯಿ ಮಾತ್ರ ಇನ್ನೂ ಎರಡೇ.

ಫ್ರೇಜರ್ ಟೌನಿನ ಗಡಿಯಾರ ಬೇರೆ. ಮಸ್ಜಿದ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದ್ದು. ಅದರ ಬಾಗಿಲು ತೆರೆಯೋದೇ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಶಟರ್ ನೋಡಿಕೊಂಡು ಬಂದ ಗೆಳೆಯರು ನನಗಿದ್ದಾರೆ, ಮೊದಲೇ ಟೈಮ್ ಕೇಳಲಿಲ್ಲ ನೋಡಿ. ಅಲ್ಲಿನ ಖೋವಾ ನಾನ್ ಬಿಸಿ ಇದ್ದಾಗ ತಿನ್ನಬೇಕು. ಮೇಲೆ ಪದರ ಪದರ ಹಿಟ್ಟು, ಒಳಗೆ ಸಿಹಿ ಖೋವಾ. ಮಾಂಸ ತಿನ್ನೋರು ಬ್ರೇನ್ ಪಪ್ಸ್‌ಗೆ ಅಂತಲೇ ದೂರದಿಂದ ಬರುತ್ತಾರೆ. ಗುಡ್ ಫ್ರೈಡೆ ಹತ್ತಿರ ಬಂದರೆ ನೆತ್ತಿ ಮೇಲೆ ಶಿಲುಬೆ ಗುರುತಿರೋ ಹಾಟ್ ಕ್ರಾಸ್ ಬನ್. ಮುಸ್ಲಿಂ ಮನೆತನದ ಬೇಕರಿಯಲ್ಲಿ ಕ್ರೈಸ್ತರ ಬನ್ನಿಗೆ ಎಲ್ಲ ಜಾತಿಯವರ ಕ್ಯೂ. ಅಲ್ಲಿಂದ ವೀಲರ್ ರಸ್ತೆಯ ಥಾಮ್ಸ್ ಬೇಕರಿ ದೂರ ಇಲ್ಲ. ಡಿಸೆಂಬರ್ ಆದರೆ ಪ್ಲಮ್ ಕೇಕಿಗೆ ಅಲ್ಲಿಗೂ ಹೋಗಿ.

ಈಗ ಹೊಸ ಕಾಲದ ಪೇಸ್ಟ್ರಿ ಅಂಗಡಿಗಳು. ಇಂದಿರಾನಗರ, ಕೋರಮಂಗಲ, ಜಯನಗರ, ಎಲ್ಲಿ ನೋಡಿದರೂ ಕ್ರೊಸಾಂಟ್. ನಾನು ವಿರೋಧಿ ಅಲ್ಲ. ಒಳ್ಳೆ ಕ್ರೊಸಾಂಟ್ ಮಾಡೋದು ಕಷ್ಟದ ಕೆಲಸ. ಹಿಟ್ಟಿನ ಮಧ್ಯೆ ತಣ್ಣಗಿನ ಬೆಣ್ಣೆ ಇಟ್ಟು, ಲಟ್ಟಿಸಿ, ಮೂರು ಮಡಿಕೆ ಮಡಚಬೇಕು. ಹಾಗೆ ಮೂರು ಸಲ. ಅಲ್ಲಿಗೆ ಬೆಣ್ಣೆಯದೇ 27 ಪದರ. ಓವನ್ನಿನಲ್ಲಿ ಬೆಣ್ಣೆ ಕರಗುತ್ತದೆ, ನೀರು ಹಬೆಯಾಗಿ ಪದರಗಳನ್ನು ಎತ್ತುತ್ತದೆ. ನಮ್ಮ ಊರಿನ ಸೆಖೆಯಲ್ಲಿ ಬೆಣ್ಣೆ ಮೊದಲೇ ಕರಗಿದರೆ ಕತೆ ಮುಗೀತು, ಪದರ ಹೋಗಿ ಬನ್ನಾಗುತ್ತದೆ.

ಇದರ ಹೊತ್ತು ಬೆಳಿಗ್ಗೆ. ಬೆಂದ ಮೂರು ನಾಲ್ಕು ಗಂಟೆಯಲ್ಲಿ ಒಳಗಿನ ತೇವ ಹೊರಗಿನ ಗರಿಗರಿಗೆ ಬಂದು ಸೇರುತ್ತದೆ. ಹೋದ ವರ್ಷ ಒಂದು ಸಂಜೆ ಏಳರ ಸುಮಾರಿಗೆ ನಾನೇ ಈ ಪಾಠ ಮರೆತೆ. ದೊಡ್ಡ ಹೆಸರಿನ ಕೆಫೆ. ಹೆಸರು ಬೇಡ. ಕೊನೆಯದೊಂದು ಕ್ರೊಸಾಂಟ್ ಉಳಿದಿತ್ತು. “ವಾರ್ಮ್ ಮಾಡ್ಲಾ ಸರ್?” ಅಂದರು. ಹೂಂ ಅಂದೆ. ಮೈಕ್ರೋವೇವ್ ಟಿಣ್ ಅಂತು. ತಟ್ಟೆಗೆ ಬಂದದ್ದನ್ನು ಚಾಕುವಿನಿಂದ ಕತ್ತರಿಸಲು ಹೋದರೆ ಒದ್ದೆ ಬನಿಯನ್ ಥರ ಎಳೆಯಿತು. ಆ ದುಡ್ಡಿಗೆ ಮನೆಮಂದಿಗೆಲ್ಲ ಖಾರಾ ಬನ್ ಬರುತ್ತಿತ್ತು. ಮೈಕ್ರೋವೇವ್ ಬಿಸಿ ಮಾಡುತ್ತದೆ, ಗರಿ ಮಾಡೋದಿಲ್ಲ. ಎಗ್ ಪಪ್ಸ್‌ಗೂ ಇದೇ ಗತಿ. ಬಿಸಿ ಮಾಡಿಸೋದಾದರೆ ಓವನ್ನಿನಲ್ಲಿ ಮಾಡಿ ಅನ್ನಿ, ಆಗಲ್ಲ ಅಂದರೆ ತಣ್ಣಗಿದ್ದದ್ದನ್ನೇ ತಿನ್ನಿ.

ಕ್ರೀಮ್ ಪೇಸ್ಟ್ರಿ ಬಗ್ಗೆ ಜಾಸ್ತಿ ಹೇಳೋಲ್ಲ. ಒಂದು ಚೂರು ಕ್ರೀಮನ್ನು ನಾಲಿಗೆ ಮೇಲಿಟ್ಟು ಸುಮ್ನೆ ಕೂರಿ. ಹಾಲಿನ ಕ್ರೀಮಾದರೆ ಕರಗಿ ಹೋಗುತ್ತದೆ. ಅಂಗುಳಕ್ಕೆ ಮೇಣದ ಹಾಗೆ ಮೆತ್ತಿಕೊಂಡರೆ ಅದು ವನಸ್ಪತಿ ಕೊಬ್ಬಿನ ಕ್ರೀಮು, ಬೋರ್ಡಿನಲ್ಲಿ ಏನೇ ಬರೆದಿರಲಿ.

ಇನ್ನು ಕಾಫಿ. ಇಲ್ಲಿ ನನ್ನದು ಸ್ವಲ್ಪ ಹಟ. ಕೇಕ್ ಒಂದು ಕಡೆ, ಕಾಫಿ ಇನ್ನೊಂದು ಕಡೆ. ದೇಶದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲು ಬೆಳೆಯೋದು ನಮ್ಮ ಕರ್ನಾಟಕ. ಬೇಕರಿಯವರ ಹಾಸನ ಜಿಲ್ಲೆಯಲ್ಲೇ, ಸಕಲೇಶಪುರದಲ್ಲಿ, ತೋಟಗಳಿವೆ. ಆದರೂ ಬೇಕರಿ ಕೌಂಟರಿನ ಕಾಫಿ ಬಹಳ ಕಡೆ ಇನ್‌ಸ್ಟಂಟ್ ಪುಡಿ, ಕುದಿದು ಕುದಿದು ಕೆನೆ ಕಟ್ಟಿದ ಹಾಲು, ಎರಡು ಚಮಚ ಸಕ್ಕರೆ. ಹನಿ ಕೇಕ್ ತಿಂದ ಬಾಯಿಗೆ ಅದು ಬಿಸಿ ನೀರಿನ ಸಮ. ಹೊಸ ಕೆಫೆಗಳಲ್ಲಿ ಉಲ್ಟಾ. ಕಾಫಿ ಚೆನ್ನಾಗಿರುತ್ತದೆ, ಚಿಕ್ಕಮಗಳೂರಿನ ಯಾವ ತೋಟದ್ದು ಅಂತ ಹೇಳುತ್ತಾರೆ, ಆದರೆ ಕೇಕ್ ಫ್ರಿಜ್ಜಿನಿಂದ ನೇರ ತಟ್ಟೆಗೆ, ಕಲ್ಲಿನ ಹಾಗೆ. ಎರಡೂ ಒಂದೇ ಸೂರಿನಡಿ ಚೆನ್ನಾಗಿರೋ ಜಾಗ ಇಲ್ಲವೆಂದಲ್ಲ, ಕಮ್ಮಿ.

ಅದಕ್ಕೆ ನಾನು ನಡೆಯುತ್ತೇನೆ. ವಿವಿ ಪುರಂನಲ್ಲಿ ಬನ್ನು, ಶಂಕರಪುರದಲ್ಲಿ ಕಾಫಿ. ಅಲ್ಲಿನ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇದೆ. ಕೂರೋಕೆ ಜಾಗ ಸಿಕ್ಕೋದು ಅನುಮಾನ, ಫುಟ್‌ಪಾತಿನಲ್ಲಿ ನಿಂತು ಕುಡಿಯೋದೇ ಅದರ ಗತ್ತು. ಕೂತು ಮಾತಾಡಬೇಕು ಅನ್ನೋರು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ಹೋಗಿ. ಅದು ಶುರುವಾದದ್ದೇ ಬೇಕರಿಯಾಗಿ. ಅಲ್ಲಿ ಕೇಕ್ ಮುಗಿಸಿ ಚರ್ಚ್ ಸ್ಟ್ರೀಟಿನಲ್ಲಿ ಹೆಜ್ಜೆ ಹಾಕಿದರೆ ಇಂಡಿಯಾ ಕಾಫಿ ಹೌಸ್. 2009ರವರೆಗೆ ಎಂ.ಜಿ. ರಸ್ತೆಯಲ್ಲಿತ್ತು. ಕೆಲಸಗಾರರೇ ಸೇರಿ ಕಟ್ಟಿಕೊಂಡ ಸಹಕಾರ ಸಂಘದ್ದು, 1957ರಿಂದ. ಬಿಳಿ ಬಟ್ಟೆ, ಪೇಟ ಹಾಕಿದವರು ಕಾಫಿ ತಂದಿಡುತ್ತಾರೆ. ಮಧ್ಯದ ಆ ನಡಿಗೆಯಲ್ಲಿ ಬಾಯಿಯ ಸಿಹಿ ಇಳಿದಿರುತ್ತದೆ, ಕಾಫಿ ಕಾಫಿಯ ಹಾಗೆ ರುಚಿಸುತ್ತದೆ.

ನಡೆಯೋಕಾಗಲ್ಲ, ಒಂದೇ ಕಡೆ ಆಗಬೇಕು ಅಂದರೆ ಕಾಫಿಗೆ ಸಕ್ಕರೆ ಬೇಡ ಅನ್ನಿ. ಮುಂದಿನ ಪ್ರಶ್ನೆಗೂ ರೆಡಿ ಇರಿ. ಹೋದ ತಿಂಗಳು ಒಂದು ಕೈಯಲ್ಲಿ ಹನಿ ಕೇಕ್ ಹಿಡಿದು “ಸಕ್ಕರೆ ಇಲ್ದೆ ಒಂದು ಕಾಫಿ” ಅಂದೆ. ಕೌಂಟರಿನವರು ಕೇಕ್ ನೋಡಿದರು, ನನ್ನನ್ನು ನೋಡಿದರು. “ಶುಗರ್ರಾ ಸಾರ್?” ಅಂದರು, ತುಂಬಾ ಮರುಕದಿಂದ.

ಇಷ್ಟೆಲ್ಲ ಹೇಳಿದ ಮೇಲೂ ಅತ್ತಿಗೆ ಕೇಳಿದ್ದು, “ಸರಿ, ಈಗ ಗಂಟೆ ಮೂರು. ನಾವು ಎಲ್ಲಿಗೆ ಹೋಗೋಣ?” ನಿಮ್ಮ ಮನೆ ಮೂಲೆ ಬೇಕರಿಗೇ ಹೋಗಿ, ಬ್ರೆಡ್ ಎಷ್ಟೊತ್ತಿಗೆ ಬರುತ್ತೆ ಅಂತ ಕೇಳಿ, ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಒಂದು ಗಂಟೆ ಬಿಟ್ಟು ಫೋನು. “ಏನೋ ಇದು, ಬ್ರೆಡ್ ಕಟ್ ಮಾಡಿ ಕೊಡಲ್ಲ ಅಂತಾರೆ! ಬಿಸಿ ಇದೆ, ಮೆಷಿನ್‌ಗೆ ಹಾಕಿದ್ರೆ ಮುದ್ದೆಯಾಗುತ್ತೆ ಅಂತೆ.” ಹಾಗೇ ತಗೊಳ್ಳಿ ಅತ್ತಿಗೆ, ಕಟ್ ಮಾಡಿಸಬೇಡಿ, ಅಂದೆ. ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಟರಂತೆ. ಮನೆ ಇನ್ನೂರು ಹೆಜ್ಜೆ. ಗೇಟು ತೆಗೆಯೋ ಹೊತ್ತಿಗೆ ಬ್ರೆಡ್ಡಿನ ಒಂದು ಕಡೆ ಮೂಲೆ ಇರಲಿಲ್ಲ. ತಿಂದದ್ದು ಯಾರು ಅಂತ ಅಣ್ಣನೂ ಅತ್ತಿಗೆಯೂ ಇನ್ನೂ ಒಪ್ಪಿಕೊಂಡಿಲ್ಲ.