ಮೊಟ್ಟೆ ಮುಟ್ಟದ ಮನೇಲೂ ಮೈ ಕಟ್ಟಬಹುದು

ದಾವಣಗೆರೆಯಲ್ಲಿ ಹೊಸದಾಗಿ ಜಿಮ್ ಸೇರಿದ ಸಣಕಲು ಹುಡುಗ್ರಿಗೆ ಮೊದಲನೇ ವಾರನೇ ಸಿಗೋ ಸಲಹೆ ಒಂದೇ, ದಿನಾ ಮೊಟ್ಟೆ ತಿನ್ನು, ಚಿಕನ್ ತಿನ್ನು, ಇಲ್ಲಾಂದ್ರೆ ಮೈ ಬರಂಗಿಲ್ಲ. ನಮ್ಮಂಥ ಮನೆಗಳಲ್ಲಿ ಮೊಟ್ಟೆ ಹೊಸ್ತಿಲು ದಾಟಲ್ಲ, ಹೊರಗೆ ತಿನ್ನಾಕೆ ಮನಸ್ಸೂ ಒಪ್ಪಲ್ಲ, ಹಂಗಾಗಿ ಎಷ್ಟೋ ಹುಡುಗ್ರು ಒಂದೆರಡು ತಿಂಗ್ಳು ಡಂಬೆಲ್ ಎತ್ತಿ, ತೂಕ ಏರ್ಲಿಲ್ಲ ಅಂತ ಬಿಟ್ಟೇ ಬಿಡ್ತಾರೆ. ಇದು ನಂಗೆ ನಿಜವಾಗ್ಲೂ ಸಂಕಟ ಆಗೋ ವಿಷಯ. ಯಾಕಂದ್ರೆ ಇದು ಕುಸ್ತಿ ಊರು, ದುಗ್ಗಮ್ಮನ ಜಾತ್ರೆ ಬಂದ್ರೆ ಅಖಾಡದ ಸುತ್ತ ಇವತ್ತಿಗೂ ಜನ ಮುಗಿಬೀಳ್ತಾರೆ, ಆ ಗರಡಿಮನೆ ಖುರಾಕು ಅಂದ್ರೆ ಮೊದ್ಲು ನೆನಪಾಗೋದೇ ಹಾಲು, ತುಪ್ಪ, ಬಾದಾಮಿ, ನೆನೆಸಿದ ಕಡ್ಲೆ.

ನನ್ನ ಪ್ರಕಾರ ತೊಂದ್ರೆ ಇರೋದು ಸಸ್ಯಾಹಾರದಲ್ಲಿ ಅಲ್ಲ, ನಮ್ಮ ತಟ್ಟೆ ತುಂಬೋ ರೀತೀಲಿ. ಅನ್ನ, ತಿಳಿ ಸಾರು, ಮಂಡಕ್ಕಿ, ಮತ್ತೆ ಅನ್ನ. ಹೊಟ್ಟೆ ತುಂಬ್ತತೆ, ಆದ್ರೆ ಸ್ನಾಯು ಕಟ್ಟಾಕೆ ಬೇಕಾದ ಸಾಮಾನು ಅದರೊಳಗೆ ಇರಲ್ಲ.

ಲೆಕ್ಕಕ್ಕೆ ಬರೋಣ. ಮಾಮೂಲಿ ಮನುಷ್ಯನಿಗೆ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು ಅಂತಾರೆ, ಭಾರ ಎತ್ತಿ ಸ್ನಾಯು ಬೆಳೆಸೋರಿಗೆ 1.6 ಗ್ರಾಂ ಹತ್ರ ಬೇಕು. ಅಂದ್ರೆ 55 ಕೆಜಿ ಹುಡುಗನಿಗೆ 88 ಗ್ರಾಂ, ಸುಮ್ನೆ 90 ಅಂತ ಇಟ್ಕೊಳ್ಳಿ. ಇದರ ಜೊತೆಗೆ ಈಗ ತಿನ್ನೋದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಜಾಸ್ತಿ ಹೋಗ್ಬೇಕು. ಪ್ರೋಟೀನ್ ಒಂದೇ ತಿಂದು ಒಟ್ಟು ಊಟ ಕಡಿಮೆ ಆದ್ರೆ ತೂಕ ಏರಂಗಿಲ್ಲ, ದೇಹ ಆ ಪ್ರೋಟೀನನ್ನೇ ಸೌದೆ ಥರ ಉರಿಸ್ಕೊಂಡ್ ಬಿಡ್ತತೆ.

ಈಗ ನಮ್ಮೂರ ಸಂಜೆ ನೋಡಿ. ಮಂಡಕ್ಕಿ ಮಿರ್ಚಿ ಇಲ್ದೆ ದಾವಣಗೆರೆ ಸಂಜೆನೇ ಇಲ್ಲ, ನಂಗೂ ಬಿಡಾಕೆ ಆಗಲ್ಲ, ಬಿಡಿ ಅಂತಾನೂ ಹೇಳಲ್ಲ. ಆದ್ರೆ ಒಂದು ದೊಡ್ಡ ಬಟ್ಟಲು ಮಂಡಕ್ಕಿ ತೂಕಕ್ಕೆ ಹಾಕಿದ್ರೆ 30 ಗ್ರಾಂ ಆಗ್ಬೋದು, ಅದ್ರಲ್ಲಿ ಪ್ರೋಟೀನ್ 2 ಗ್ರಾಂ, ಕ್ಯಾಲೊರಿ ನೂರರ ಆಸುಪಾಸು, ಉಳಿದಿದ್ದೆಲ್ಲ ಗಾಳಿ. ಅಷ್ಟು ತಿಂದ್ಮೇಲೆ ರಾತ್ರಿ ಊಟಕ್ಕೆ ಹಸಿವೇ ಇರಲ್ಲ, ಸಣ್ಣಗಿರೋರಿಗೆ ಇದೇ ದೊಡ್ಡ ಹೊಡೆತ. ಅದೇ ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ, ಒಂದು ಹಿಡಿ ಪುಟಾಣಿ (ಹುರಿಗಡಲೆ), ಈರುಳ್ಳಿ, ನಿಂಬೆಹಣ್ಣು ಹಾಕಿ ನೋಡಿ, ಕಥೆನೇ ಬದಲಾಗ್ತತೆ. ನರ್ಗೀಸ್ ಮಂಡಕ್ಕಿಗೆ ಪುಟಾಣಿ ಪುಡಿ ಹೆಂಗಿದ್ರೂ ಬೀಳ್ತತಲ್ಲ, ಅದನ್ನ ಸ್ವಲ್ಪ ಧಾರಾಳವಾಗಿ ಹಾಕ್ರಿ ಅಷ್ಟೇ. ಬೆಣ್ಣೆ ದೋಸೆ ಬಗ್ಗೆನೂ ಕೇಳ್ತಾರೆ. ತೂಕ ಏರಿಸ್ಬೇಕು ಅನ್ನೋರಿಗೆ ಬೆಣ್ಣೆ ದೋಸೆ ಶತ್ರು ಅಲ್ಲ, ಒಂದು ದೊಡ್ಡ ಚಮಚ ಬೆಣ್ಣೇಲೇ ಸುಮಾರು 100 ಕ್ಯಾಲೊರಿ ಐತೆ, ಆದ್ರೆ ಅಕ್ಕಿ, ಮಂಡಕ್ಕಿ, ಸ್ವಲ್ಪ ಉದ್ದಿನ ಹಿಟ್ಟಲ್ಲಿ ಪ್ರೋಟೀನ್ ಕಡಿಮೆ, ಹಂಗಾಗಿ ಯಾವಾಗಾದ್ರೂ ತಿಂದ್ರೆ ಜೊತೆಗೆ ಒಂದು ದೊಡ್ಡ ಲೋಟ ಹಾಲು ಕುಡೀರಿ.

ಸಾರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ದಿನಾ ಬೇಳೆ ಸಾರು ಉಣ್ತೀನಲ್ಲ, ಪ್ರೋಟೀನ್ ಬರಲ್ವಾ ಅಂತ ತುಂಬ ಜನ ಕೇಳ್ತಾರೆ. ಐದು ಜನರ ಮನೇಲಿ ಒಂದು ಹೊತ್ತಿಗೆ 150 ಗ್ರಾಂ ತೊಗರಿಬೇಳೆ ಬೇಯಿಸ್ತಾರೆ ಅಂದ್ಕೊಳ್ಳಿ, ಅದರಲ್ಲಿರೋದು 33 ಗ್ರಾಂ, ಐದು ಜನಕ್ಕೆ ಹಂಚಿದ್ರೆ ತಲೆಗೆ 6-7 ಗ್ರಾಂ, ಅದೂ ತಳದಲ್ಲಿ ಕೂತಿರೋ ಬೇಳೆ ಎಲ್ಲಾ ನಿಮ್ಮ ತಟ್ಟೆಗೆ ಬಂದ್ರೆ. ಹುರಳಿ ಕಟ್ಟಿನ ಸಾರೂ ಹಂಗೇ. ರುಚಿ ಎಲ್ಲಾ ಕಟ್ಟಲ್ಲಿ, ಪ್ರೋಟೀನ್ ಹೆಚ್ಚಿನಂಶ ಕಾಳಲ್ಲೇ ಉಳಿತತೆ, ಆ ಬೆಂದ ಕಾಳನ್ನ ಕೆಲವು ಮನೇಲಿ ಎಮ್ಮೆಗೆ ಹಾಕ್ತಾರೆ! ದಯವಿಟ್ಟು ಹಾಕ್ಬೇಡಿ, ಒಗ್ಗರಣೆ ಕೊಟ್ಟು ಪಲ್ಯ ಮಾಡಿ ನೀವು ತಿನ್ರಿ. ಮನೇಲಿ ಅಮ್ಮನಿಗೋ ಹೆಂಡ್ತಿಗೋ ಬೇರೆ ಅಡಿಗೆ ಮಾಡು ಅಂತ ಕಾಟ ಕೊಡೋದು ಬೇಡ, ನೀವೇ ಅಡಿಗೆಮನೆಗೆ ಹೋಗಿ ಬೆಂದ ಕಾಳಲ್ಲಿ ಒಂದು ಬಟ್ಟಲು ಸಾರಿಗೆ ಹಾಕೋ ಮುಂಚೆನೇ ತೆಗೆದಿಟ್ಕೊಳ್ಳಿ, ಸಾಕು.

ನಾನು ಹುಡುಗ್ರಿಗೆ ಬರೆದು ಕೊಡೋ ದಿನದ ಲೆಕ್ಕ ಹಿಂಗೈತೆ. ಅರ್ಧ ಲೀಟರ್ ಹಾಲು 16 ಗ್ರಾಂ, 50 ಗ್ರಾಂ ಶೇಂಗಾ 12, 50 ಗ್ರಾಂ ಪುಟಾಣಿ 10, ಒಣಗಿದ್ದಾಗ 50 ಗ್ರಾಂ ತೂಗೋ ಹೆಸರುಕಾಳೋ ಮಡಿಕೆಕಾಳೋ ಅಲಸಂದಿನೋ ನೆನೆಸಿ ಬೇಯಿಸಿದ್ರೆ 11-12, ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು 6, ನೂರು ಗ್ರಾಂ ಹಿಟ್ಟಿನ ಜೋಳದ ರೊಟ್ಟಿ 10, ಅನ್ನದಿಂದ 10. ಇಲ್ಲಿಗೇ 75 ದಾಟ್ತು. ಮೇಲೆ 30-40 ಗ್ರಾಂ ಸೋಯಾ ಚಂಕ್ಸ್ ಹಾಕಿದ್ರೆ 15ರಿಂದ 20 ಗ್ರಾಂ, ಮುಗೀತು, 90 ಆಯ್ತು. ಇದ್ರಲ್ಲಿ ಕಿರಾಣಿ ಅಂಗಡೀಲಿ ಸಿಗದೇ ಇರೋದು ಏನೈತೆ ಹೇಳ್ರಿ. ಶೇಂಗಾ ಅಂತೂ ನಮ್ಮ ಪಕ್ಕದ ಚಳ್ಳಕೆರೆ ಸೀಮೆ ಬೆಳೆ, ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು ಅದು. 100 ಗ್ರಾಂ ಶೇಂಗಾದಲ್ಲಿ 560 ಕ್ಯಾಲೊರಿ ಮೇಲೆ ಐತೆ, ಹಸಿವು ಕಡಿಮೆ ಇರೋ ಸಣ್ಣ ಮೈಯೋರಿಗೆ ಇದಕ್ಕಿಂತ ಒಳ್ಳೆ ವಸ್ತು ನಾನಂತೂ ಕಾಣೆ.

ಧಾನ್ಯದ ಪ್ರೋಟೀನ್ ಅರೆಬರೆ ಅನ್ನೋ ಮಾತು ಪೂರ್ತಿ ಸುಳ್ಳಲ್ಲ. ಜೋಳ, ಅಕ್ಕಿಯಲ್ಲಿ ಲೈಸಿನ್ ಅನ್ನೋ ಅಮೈನೊ ಆಮ್ಲ (ಪ್ರೋಟೀನ್ ಕಟ್ಟೋ ಇಟ್ಟಿಗೆ ಇದ್ದಂಗೆ) ಕಡಿಮೆ, ಕಾಳಲ್ಲಿ ಅದು ಜಾಸ್ತಿ, ಕಾಳಲ್ಲಿ ಕಡಿಮೆ ಇರೋ ಮೆಥಿಯೊನಿನ್ ಧಾನ್ಯದಲ್ಲಿ ಸಿಗ್ತತೆ. ರೊಟ್ಟಿ ಜೊತೆ ಕಾಳುಪಲ್ಯ, ಮೊಸರು ಇಟ್ಕೊಂಡು ಉಂಡ್ರೆ ಒಂದರ ಕೊರತೆ ಇನ್ನೊಂದು ತುಂಬ್ತತೆ, ಒಂದೇ ಹೊತ್ತಲ್ಲಿ ಎಲ್ಲಾ ಸೇರ್ಲೇಬೇಕು ಅಂತಾನೂ ಇಲ್ಲ, ದಿನದೊಳಗೆ ಬಂದ್ರೆ ಆಯ್ತು. ಸೋಯಾ ತಿಂದ್ರೆ ಗಂಡಸ್ರ ಹಾರ್ಮೋನ್ ಕೆಡ್ತತೆ ಅಂತ ಹೆದ್ರಿಸೋರು ಇದಾರೆ, ಮಾಮೂಲಿ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಇಳಿಯಲ್ಲ ಅಂತಾನೇ ಅಧ್ಯಯನಗಳಲ್ಲಿ ಕಂಡಿರೋದು. ಕಾಳು ತಿಂದ್ರೆ ಗ್ಯಾಸ್ ಆಗ್ತತೆ ಅನ್ನೋದು ಮಾತ್ರ ನಿಜ, ಅದಕ್ಕೆ ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರಲ್ಲಿ ಚೆನ್ನಾಗಿ ಬೇಯಿಸಿ ಇಂಗು ಹಾಕ್ರಿ, ಮೊದ್ಲು ಸ್ವಲ್ಪ ಸ್ವಲ್ಪ ತಿಂದು ಹೊಟ್ಟೆಗೆ ರೂಢಿ ಮಾಡಿಸ್ರಿ. ಊಟ ಆದ ತಕ್ಷಣ ಚಹಾ ಬೇಡ, ಕಾಳಲ್ಲಿರೋ ಕಬ್ಬಿಣದಂಶ ಮೈಗೆ ಹಿಡಿಯಾಕೆ ಅದು ಬಿಡಲ್ಲ, ನಿಂಬೆ ಹಿಂಡ್ಕೊಂಡ್ರೆ ಚೆನ್ನಾಗಿ ಹಿಡಿತತೆ.

ವಿಟಮಿನ್ ಬಿ12 ಒಂದು ಸಲ ಪರೀಕ್ಷೆ ಮಾಡಿಸ್ರಿ. ಅದು ಗಿಡದ ಆಹಾರದಲ್ಲಿ ಸಿಗಂಗಿಲ್ಲ, ನಮಗೆ ಹಾಲು ಮೊಸರೇ ದಿಕ್ಕು, ಕಡಿಮೆ ಆದ್ರೆ ಸುಸ್ತು, ಕೈಕಾಲು ಜೋಮು. ಇನ್ನೊಂದು, ಚೆನ್ನಾಗಿ ಉಣ್ತಿದ್ದೂ ತೂಕ ಇಳೀತಾ ಇದ್ರೆ ಅದಕ್ಕೆ ಡಯಟ್ ಅಲ್ಲ ಉತ್ತರ, ಥೈರಾಯ್ಡ್, ಶುಗರ್, ಟಿಬಿ ಏನಾದ್ರೂ ಇರ್ಬೋದು, ಮೊದ್ಲು ಡಾಕ್ಟ್ರ ಹತ್ರ ಹೋಗಿ.

ಡಬ್ಬಿಗಳ ಬಗ್ಗೆ. ತೂಕ ಏರಿಸ್ತತೆ ಅಂತ ಮಾರೋ ಮಾಸ್ ಗೇನರ್ ಪುಡಿ ಡಬ್ಬಿ ಹಿಂದಿನ ಲೇಬಲ್ ಓದಿ, ಹೆಚ್ಚಿನವುದರಲ್ಲಿ ಬಹುಪಾಲು ಮಾಲ್ಟೊಡೆಕ್ಸ್ಟ್ರಿನ್, ಅಂದ್ರೆ ಪಿಷ್ಟದ ಪುಡಿ. ಆ ದುಡ್ಡಿಗೆ ಬಾಳೆಹಣ್ಣು, ಶೇಂಗಾ, ಹಾಲು ಎಷ್ಟು ಬರ್ತತೆ ಯೋಚ್ನೆ ಮಾಡಿ. ವೇ ಪ್ರೋಟೀನ್ ಹಾಲಿಂದೇ ಆಗೋದು, ಊಟದಲ್ಲಿ ಸಾಲದಿದ್ರೆ ತಗೊಳ್ಳಿ, ತಪ್ಪಿಲ್ಲ. ಕ್ರಿಯಾಟಿನ್, ಅಂದ್ರೆ ಭಾರ ಎತ್ತುವಾಗ ಸ್ನಾಯುವಿಗೆ ಶಕ್ತಿ ಒದಗಿಸೋ ವಸ್ತು, ಮಾತ್ರ ನಮ್ಮಂಥೋರಿಗೆ ನಿಜಕ್ಕೂ ಉಪಯೋಗ, ಅದು ಊಟದಲ್ಲಿ ಬರೋದು ಮಾಂಸ ಮೀನಿಂದ, ಸಸ್ಯಾಹಾರಿಗಳ ಸ್ನಾಯುವಲ್ಲಿ ಕಡಿಮೆ ಇರ್ತತೆ, ಡಬ್ಬೀಲಿ ಸಿಗೋದು ಕಾರ್ಖಾನೇಲಿ ತಯಾರಾದದ್ದು, ದಿನಕ್ಕೆ 3ರಿಂದ 5 ಗ್ರಾಂ ಸಾಕು, ಕಿಡ್ನಿ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳದೆ ಮುಟ್ಬೇಡಿ. ಬೇಗ ಮೈ ಬರ್ತತೆ ಅಂತ ಯಾರಾದ್ರೂ ಹೆಸರಿಲ್ಲದ ಮಾತ್ರೆ, ಇಂಜೆಕ್ಷನ್ ಕೊಟ್ರೆ ಕೈ ಮುಗಿದು ಹೇಳ್ತೀನಿ, ಬೇಡ.

ಇಷ್ಟೆಲ್ಲ ತಿಂದು ಕನ್ನಡಿ ಮುಂದೆ ಬೈಸೆಪ್ಸ್ ಒಂದೇ ಮಾಡಿದ್ರೆ ಹೊಟ್ಟೆ ಬರ್ತತೆ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್, ರೋ, ಪುಲ್ಅಪ್, ಇವಿಷ್ಟು ಸರಿಯಾಗಿ ಕಲ್ತು ಪ್ರತಿ ಭಾಗಕ್ಕೂ ವಾರಕ್ಕೆರಡು ಸಲ ಕೆಲಸ ಕೊಡ್ರಿ, ಎತ್ತಿದ ಭಾರ ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಸಲ ಒಂದು ರೆಪ್ಪೋ (ಒಂದು ಎತ್ತು ಜಾಸ್ತಿ) ಒಂದೆರಡು ಕೆಜಿನೋ ಏರಿಸ್ರಿ. ಜಿಮ್ ಫೀಸ್ ಕಟ್ಟಾಕೆ ಆಗದೋರು ದಂಡ, ಬೈಠಕ್ಕಿಂದ ಶುರು ಮಾಡಿ, ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕ್ಕೊಂಡು ಭಾರ ಏರಿಸ್ತಾ ಹೋಗಿ. ಕುಂದವಾಡ ಕೆರೆ ಸುತ್ತ ದಿನಾ ಓಡೋದು ಒಳ್ಳೇದೇ, ಆದ್ರೆ ಓಡಿ ಕಳ್ಕೊಂಡ ಕ್ಯಾಲೊರಿ ವಾಪಸ್ ತಿನ್ನಬೇಕಾಗ್ತತೆ ಅನ್ನೋದು ನೆನಪಿರ್ಲಿ. ರಾತ್ರಿ 7-8 ತಾಸು ನಿದ್ದೆ.

ಪಿಜಿ, ಹಾಸ್ಟೆಲ್ ಹುಡುಗ್ರಿಗೆ ಅಡಿಗೆಮನೆ ಇರಲ್ಲ ಅನ್ನೋದು ಗೊತ್ತು. ಒಂದು ಕೆಟಲ್ ಇದ್ರೆ ಸೋಯಾ ಚಂಕ್ಸ್ ಕುದಿಯೋ ನೀರಲ್ಲಿ ಹತ್ತು ನಿಮಿಷ ಮುಳುಗಿಸಿ, ಹಿಂಡಿ, ಮೆಸ್ಸಿನ ಸಾರಿಗೆ ಹಾಕ್ಕೊಳ್ಳಿ, ಶೇಂಗಾ ಪುಟಾಣಿ ಡಬ್ಬೀಲಿ ಇಟ್ಕೊಳ್ಳಿ, ಹಾಲಿನ ಪ್ಯಾಕೆಟ್ ಮೂಲೆ ಅಂಗಡೀಲಿ ಸಿಕ್ಕೇ ಸಿಗ್ತತೆ. ವಾರಕ್ಕೊಂದು ಸಲ ಬೆಳಿಗ್ಗೆ ಬರೀ ಹೊಟ್ಟೇಲಿ ತೂಕ ನೋಡ್ಕೊಳ್ಳಿ, ತಿಂಗ್ಳಿಗೆ ಒಂದು ಕೆಜಿ ಏರಿದ್ರೆ ಹೊಸಬರಿಗೆ ಚೆನ್ನಾಗೇ ಹೋಗ್ತಾ ಐತೆ ಅಂತ ಅರ್ಥ, ಮೂರು ವಾರ ಮುಳ್ಳು ಅಲ್ಲೇ ನಿಂತ್ರೆ ಇನ್ನೊಂದು ಹಿಡಿ ಶೇಂಗಾ, ಎರಡು ಬಾಳೆಹಣ್ಣು ಸೇರಿಸಿ ಮತ್ತೆ ಮೂರು ವಾರ ನೋಡಿ.