ಮಾತ್ರೆಯ ಚೀಟಿಯಲ್ಲಿ ಕಂಡ ಕಿವಿಮೊರೆತ

ಇಂದು ನಿದ್ರೆಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟಿದ್ದ ತೆಳುಕಾಗದವನ್ನು ಬಿಡಿಸಿ ಓದುತ್ತಿದ್ದಾಗ, ಇರುವೆಸಾಲಿನಂಥ ಅಕ್ಷರಗಳ ನಡುವೆ, ಅಪರೂಪದ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಟಿನ್ನಿಟಸ್, ಅಂದರೆ ಕಿವಿಮೊರೆತ, ಎಂಬ ಹೆಸರು ಕಣ್ಣಿಗೆ ಬಿತ್ತು. ದೀಪ ಆರಿಸಿದ ಮೇಲೆ ಈಚೆಗೆ ಕಿವಿಯೊಳಗೆ ಕೇಳಿಸುತ್ತಿರುವ ಗುಂಯ್ ಎಂಬ ಸಣ್ಣ ಸದ್ದಿಗೆ ಇದೇ ಕಾರಣವಿರಬಹುದೇ ಎಂಬ ಅನುಮಾನ ಕೂಡಲೇ ಹುಟ್ಟಿತು.

ಝೋಲ್ಪಿಡೆಮ್, ಎಸ್‌ಝೋಪಿಕ್ಲೋನ್‌ನಂಥ ನಿದ್ರೆಮಾತ್ರೆಗಳ ಮಾಹಿತಿಪತ್ರದಲ್ಲಿ ಈ ಉಲ್ಲೇಖವಿರುವುದು ನಿಜ. ಆದರೆ ನಿದ್ದೆಗೆಟ್ಟರೂ ಕಿವಿಮೊರೆತ ಹೆಚ್ಚುತ್ತದೆ. ಹಗಲಿನ ಗದ್ದಲದಲ್ಲಿ ಮುಚ್ಚಿಹೋಗುವ ಸದ್ದು ರಾತ್ರಿಯ ನಿಶ್ಶಬ್ದದಲ್ಲಿ ಎದ್ದು ಕೇಳುತ್ತದೆ. ಹೀಗಿರುವಾಗ ತಪ್ಪನ್ನೆಲ್ಲ ಮಾತ್ರೆಯ ತಲೆಗೇ ಕಟ್ಟುವುದು ಹೇಗೆ? ನಿದ್ದೆಗೆಂದು ನುಂಗಿದ್ದೇ ನಿದ್ದೆ ಕೆಡಿಸುವ ಸದ್ದನ್ನು ತಂದಿದ್ದರೆ ನಗಬೇಕೋ ಅಳಬೇಕೋ ತಿಳಿಯದು.

ಇವತ್ತೇ ಬಿಟ್ಟುಬಿಡೋಣವೆಂದರೆ ಅದೂ ಸಲ್ಲದು. ಆತಂಕ ತಗ್ಗಿಸಿ ನಿದ್ದೆ ತರಿಸುವ ಡಯಾಜೆಪಾಮ್ ಮುಂತಾದ ಬೆಂಜೋಡಯಜೆಪೀನ್ ಗುಂಪಿನ ಮಾತ್ರೆಗಳನ್ನು ಬಹುಕಾಲ ಸೇವಿಸಿ ಥಟ್ಟನೆ ನಿಲ್ಲಿಸಿದವರಲ್ಲಿ ಇದೇ ಮೊರೆತ ಕಾಣಿಸಿಕೊಳ್ಳುವುದುಂಟು, ಫಿಟ್ಸ್ ಬರುವ ಅಪಾಯವೂ ಇದೆ. ಆದ್ದರಿಂದ ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿಯೇ ಇಳಿಸಬೇಕು. ಸದ್ದು ಶುರುವಾದದ್ದು ಮಾತ್ರೆಗೆ ಮುಂಚೆಯೋ ಆಮೇಲೋ, ಒಂದೇ ಕಿವಿಯಲ್ಲೋ ಎರಡರಲ್ಲೋ ಎಂಬುದನ್ನು ವೈದ್ಯರು ಕೇಳಿಯೇ ಕೇಳುತ್ತಾರೆಂದು ಈಗಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ.