ಮುನೆಮೊರಿ ಡಯೋರಾಮ: ಆರನೇ ವಾರ

ಎರಡನೇ ಮಹಾಯುದ್ಧದಲ್ಲಿ ಮಡಿದ ಅಮೆರಿಕದ ಸೈನಿಕ ಮುನೆಮೊರಿಯ ಬದುಕನ್ನು ಡಯೋರಾಮದಲ್ಲಿ, ಅಂದರೆ ಪುಟ್ಟ ಗೊಂಬೆಗಳ ದೃಶ್ಯದಲ್ಲಿ, ಕಟ್ಟುತ್ತಿದ್ದೇನೆ. ಅದರ ಕಂಬಳಿ ಕೊನೆಗೂ ಕೈಗೆ ಹತ್ತಿತು. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ದಾರದ ಮೇಲೆ ಇಳಿಬಿಡೋದು. ಮೊದಲೆರಡು ಸಲ ಅಂಟು ಹೆಚ್ಚಾಗಿ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಈ ಸಲ ಬಟ್ಟೆಯ ಹಾಗೇ ಮಡಿಕೆ ಬಿದ್ದಿದೆ.

ಹೊಸದಾಗಿ ನೋಡುತ್ತಿರುವವರಿಗೆ: ಸಡಾವೊ ಮುನೆಮೊರಿ 1922ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವನು. ತಂದೆ ತಾಯಿ ಜಪಾನಿನಿಂದ ವಲಸೆ ಬಂದವರು. ಕಸುಬು ಕಾರು ರಿಪೇರಿ. ಜಪಾನ್ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ದಾಳಿ ಮಾಡುವುದಕ್ಕೆ ಒಂದು ತಿಂಗಳು ಮುಂಚೆ, 1941ರ ನವೆಂಬರಿನಲ್ಲಿ, ಅಮೆರಿಕದ ಸೇನೆಗೆ ಸೇರಲು ತಾನಾಗಿ ಮುಂದೆ ಬಂದ. ಆಮೇಲೆ ಅದೇ ಸರಕಾರ ಜಪಾನಿ ಮೂಲದವರೆಂದು ಅವನ ತಾಯಿಯನ್ನೂ ಒಡಹುಟ್ಟಿದವರನ್ನೂ ಕ್ಯಾಲಿಫೋರ್ನಿಯಾದ ಮಾಂಜನಾರ್ ಶಿಬಿರದಲ್ಲಿ ಕೂಡಿಹಾಕಿತು. 1945ರ ಏಪ್ರಿಲ್ 5ರಂದು ಇಟಲಿಯ ಸೆರಾವೆಜ್ಜಾ ಬಳಿ ದಳದ ನಾಯಕ ಗಾಯಗೊಂಡಾಗ ಇವನೇ ಮುಂದಾಗಿ ಶತ್ರುವಿನ ಎರಡು ಮಶಿನ್‌ಗನ್ ಬಾಯಿ ಮುಚ್ಚಿಸಿದ. ಹಿಂದಿರುಗುವಾಗ ಒಂದು ಗ್ರೆನೇಡ್ ಅವನ ಹೆಲ್ಮೆಟ್ಟಿಗೆ ಬಡಿದು, ಶೆಲ್ ಬಿದ್ದು ಆದ ಕುಳಿಯಲ್ಲಿದ್ದ ಇಬ್ಬರು ಜೊತೆಗಾರರತ್ತ ಉರುಳಿತು. ಅದರ ಮೇಲೆ ಮೈ ಚೆಲ್ಲಿಬಿಟ್ಟ. ಇಪ್ಪತ್ತೆರಡು ವರ್ಷ.

ಮೊದಲು ನಾನು ಮಾಡಹೊರಟಿದ್ದು ಆ ಕುಳಿಯನ್ನಷ್ಟೇ. ಪುಟ್ಟಿ ಬಳಿದು, ಬಿಳಿ ಕಲ್ಲಿನ ಚೂರು ಒತ್ತಿ (ಆ ಸೀಮೆ ಅಮೃತಶಿಲೆಯ ಗಣಿಗಳಿಗೆ ಹೆಸರುವಾಸಿ) ಎರಡೇ ವಾರದಲ್ಲಿ ಮುಗಿಸಿದೆ. ನೋಡಲು ಚೆನ್ನಾಗಿತ್ತು. ಆದರೆ ಪೆಟ್ಟಿಗೆಯಿಂದ ತೆಗೆದ ಯಾವ ಸೈನಿಕನನ್ನು ಇಟ್ಟರೂ ಸರಿಹೋಗುವಂತಿತ್ತು. ಅಲ್ಲಿ ಮುನೆಮೊರಿ ಎಲ್ಲಿದ್ದ?

ಹಾಗಾಗಿ ಅವನ ಮನೆಯವರನ್ನು ಇಟ್ಟಿದ್ದ ಶಿಬಿರದ ಬ್ಯಾರಕ್ಕಿಗೆ, ಅಂದರೆ ಉದ್ದನೆಯ ವಸತಿ ಶೆಡ್ಡಿಗೆ, ಕೈಹಾಕಿದೆ. ಮಾಂಜನಾರಿನ ಬ್ಯಾರಕ್ 20 ಅಡಿ ಅಗಲ, 100 ಅಡಿ ಉದ್ದ, ಒಳಗೆ ನಾಲ್ಕು ಕೋಣೆ. 1:72ರಲ್ಲಿ, ಅಂದರೆ ನಿಜದ ಅಳತೆಯ ಎಪ್ಪತ್ತೆರಡನೇ ಒಂದು ಭಾಗದಲ್ಲಿ, ಒಂದು ಕೋಣೆ 8.5 ಸೆಂ.ಮೀ.ಗೆ 10.6 ಸೆಂ.ಮೀ., ಹೆಚ್ಚುಕಮ್ಮಿ ನನ್ನ ಅಂಗೈ. ಕೋಣೆಗೆ ಎಂಟು ಜನ, ಒಂದು ಎಣ್ಣೆ ಒಲೆ, ತೂಗುಬಿಟ್ಟ ಒಂದು ಬಲ್ಬು, ಒಣಹುಲ್ಲು ತುಂಬಿದ ಹಾಸಿಗೆ. ಎಂಟು ಮಂಚ ಹಿಡಿಯೋದಿಲ್ಲ ಅಂದುಕೊಂಡಿದ್ದೆ, ಸಲೀಸಾಗಿ ಹಿಡಿದವು. ಇಲ್ಲದ್ದು ಮರೆ. ಮಂಚದ ಮೇಲೆ ಕೂತ ಗೊಂಬೆಗೆ ಉಳಿದ ಏಳೂ ಮಂಚ ಕಾಣುತ್ತವೆ. ಕಂಬಳಿ ಕಟ್ಟಿಕೊಳ್ಳುತ್ತಿದ್ದರು ಅಂತ ಓದಿದ್ದೆ. ಯಾಕೆ ಅನ್ನೋದು ಆಗ ತಿಳಿಯಿತು.

ಹೊರಗೋಡೆಯ ಟಾರು ಕಾಗದಕ್ಕೆ ಅಪ್ಪಟ ಕಪ್ಪು ಬಳಿದದ್ದು ತಪ್ಪಾಯಿತು. ಮರಳುಗಾಳಿಯ ಊರಿನಲ್ಲಿ ಕಪ್ಪು ಕಪ್ಪಾಗಿ ಉಳಿಯೋದಿಲ್ಲ. ಬೂದು ಬಣ್ಣದ ಚಾಕ್ ಪುಡಿ ಉಜ್ಜಿ ಸರಿಮಾಡಿದೆ.

ತಾಯಿಯ ಗೊಂಬೆಯನ್ನು ತಂತಿ, ಎಪಾಕ್ಸಿಯಿಂದ ನಾನೇ ಮಾಡಿದೆ, ಅಂಥದ್ದು ಯಾವ ಕಿಟ್‌ನಲ್ಲೂ ಸಿಗಲಿಲ್ಲ. 1946ರಲ್ಲಿ ಮಗನ ಮೆಡಲ್ ಆಫ್ ಆನರ್, ಅಮೆರಿಕದ ಅತ್ಯುನ್ನತ ಸೇನಾ ಶೌರ್ಯ ಪದಕ, ಆಕೆಯ ಕೈಸೇರಿತು. ಜಪಾನಿನಲ್ಲಿ ಹುಟ್ಟಿದ ಆಕೆಗೆ ಅಮೆರಿಕದ ಪೌರಳಾಗಲು ಕಾನೂನು ಬಾಗಿಲು ತೆರೆದದ್ದು 1952ರಲ್ಲಿ. ಪದಕವನ್ನೂ ಕೊರೆದಿದ್ದೆ, ಸಾಸಿವೆಗಿಂತ ಚಿಕ್ಕದು. ಮೂರು ದಿನ ಆಕೆಯ ಕೈಯಲ್ಲಿಟ್ಟು ನೋಡಿ ತೆಗೆದುಬಿಟ್ಟೆ. ಈಗ ಕೈ ಬರಿದು, ಹೊಲಿಗೆ ಕೊಡೋಣ ಅಂತಿದ್ದೇನೆ.

ಮುನೆಮೊರಿ ಮಾತ್ರ ಇನ್ನೂ ಡಬ್ಬಿಯ ಮುಚ್ಚಳದಲ್ಲೇ ಇದ್ದಾನೆ. ಕುಳಿಯಲ್ಲಿ ಆ ಇಬ್ಬರನ್ನು ಅಂಟಿಸಿಯಾಯಿತು, ಅವರು ಬದುಕಿದರು, ಅಲ್ಲೇ ಇರಲಿ. ಇವನಿಗೆ ಸಮವಸ್ತ್ರ ಕೆರೆದು ಮೆಕ್ಯಾನಿಕ್ಕಿನ ಉಡುಪು ಕೂರಿಸುತ್ತಿದ್ದೇನೆ. ಪಕ್ಕಕ್ಕೆ ಬಾನೆಟ್ ಎತ್ತಿದ ಕಾರು. ನಿನ್ನೆ ರಾತ್ರಿ ಬಾನೆಟ್ ಕತ್ತರಿಸುವಾಗ ಬ್ಲೇಡು ಜಾರಿ ಮಡ್‌ಗಾರ್ಡ್ ಸೀಳಿತು. ಪುಟ್ಟಿ ತುಂಬಿಟ್ಟಿದ್ದೇನೆ, ನಾಳೆ ಉಜ್ಜಬೇಕು.